ಸಲಗ ನಿಜಕ್ಕೂ ಒಂಟಿಯೇ?

ನಮ್ಮ ಬಾಗೂರಿನ ಕಡೆ ಆನೆ ಎಂದರೆ ದಸರೆ ಮೆರವಣಿಗೆಯದು. ಚನ್ನರಾಯಪಟ್ಟಣ ತಾಲ್ಲೂಕಿನ ತೆಂಗು, ರಾಗಿಯ ಬಯಲಿನಲ್ಲಿ ಆನೆ ಅಡಗುವಂಥ ಕಾಡೆಲ್ಲಿ ಬಂತು? ಆದರೆ ಇದೇ ಹಾಸನ ಜಿಲ್ಲೆಯ ಆಲೂರು, ಸಕಲೇಶಪುರದ ಕಡೆ ಕತ್ತಲಾದ ಮೇಲೆ ತೋಟದ ದಾರಿ ಹಿಡಿಯಲು ಜನ ಹಿಂದೆಮುಂದೆ ನೋಡುತ್ತಾರೆ. ಅಲ್ಲಿನ ಆನೆಗಳು ಇಳಿಯುವ ಹೇಮಾವತಿ ಹಿನ್ನೀರೇ ಬಾಗೂರು–ನವಿಲೆ ಸುರಂಗ ಹಾದು ತುಮಕೂರಿನತ್ತ ಹರಿಯುವುದು. ಅಷ್ಟರಮಟ್ಟಿಗೆ ಅವು ನಮ್ಮ ನೆರೆಯವೇ.

ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು, ನೂರು ಲೀಟರಿಗೂ ಮೇಲೆ ನೀರು ಬೇಕು. ತಿಂದದ್ದರಲ್ಲಿ ಅರ್ಧದಷ್ಟೂ ಮೈಗೆ ಹತ್ತುವುದಿಲ್ಲ. ಹಾಗಾಗಿ ದಿನದ ಹೆಚ್ಚು ಹೊತ್ತು ಮೇಯುವುದೇ ಕೆಲಸ. ದವಡೆಹಲ್ಲು ಸವೆದಂತೆ ಹಿಂದಿನಿಂದ ಹೊಸದು ಮುಂದೆ ಸರಿದು ಬರುತ್ತದೆ. ಹೀಗೆ ಜೀವಮಾನದಲ್ಲಿ ಆರು ಸಲ. ಆರನೆಯದೂ ಸವೆದರೆ ಮುದಿ ಆನೆಗೆ ಉಪವಾಸವೇ ಗತಿ. ಇಂಥ ಹೊಟ್ಟೆಗೆ ಭತ್ತದ ಗದ್ದೆ, ಬಾಳೆ, ಹಲಸು ಸಿಕ್ಕಿದರೆ ಕೇಳಬೇಕೆ!

ಹಿಂಡಿಗೆ ಯಜಮಾನಿ ಹಿರಿಯ ಹೆಣ್ಣಾನೆ. ಅವಳ ಹೆಣ್ಣುಮಕ್ಕಳು, ತಂಗಿಯರು, ಮರಿಗಳು ಸೇರಿದರೆ ಸಂಸಾರ. ಬರದಲ್ಲಿ ನೀರೆಲ್ಲಿ, ಯಾವ ದಾರಿ ಅಪಾಯ ಎಂಬುದು ಅವಳ ನೆನಪಿನಲ್ಲಿರುತ್ತದೆ. ನಮ್ಮ ಕಿವಿಗೆ ಕೇಳದಷ್ಟು ತಗ್ಗಿದ ದನಿಯಲ್ಲಿ ಅವು ದೂರದಿಂದಲೇ ಮಾತಾಡಿಕೊಳ್ಳುತ್ತವೆ. ಗಂಡುಮರಿ ಮಾತ್ರ ಹತ್ತು–ಹದಿನೈದು ವರ್ಷವಾಗುತ್ತಲೇ ಮನೆ ಬಿಡುತ್ತದೆ. ಪತ್ರಿಕೆಗಳ 'ಒಂಟಿ ಸಲಗ' ಹುಟ್ಟುವುದು ಇಲ್ಲಿಂದ.

ಆದರೆ ಅದು ಅಷ್ಟೇನೂ ಒಂಟಿಯಲ್ಲ. ನಿಶಾಂತ್ ಶ್ರೀನಿವಾಸಯ್ಯ, ರಾಮನ್ ಸುಕುಮಾರ್ ಮತ್ತು ಜೊತೆಗಾರರು ದಕ್ಷಿಣ ಭಾರತದ 248 ಗಂಡಾನೆಗಳನ್ನು ಫೋಟೊಗಳಿಂದ ಗುರುತು ಹಿಡಿದು 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಡು ಚೂರುಚೂರಾಗಿ, ನೀರಾವರಿ ಬೆಳೆ ಇರುವ ಕಡೆ ಹರೆಯದ ಗಂಡುಗಳು ಗುಂಪು ಕಟ್ಟಿಕೊಂಡು ಓಡಾಡುತ್ತವೆ, ಮೈಯೂ ತುಂಬಿಕೊಳ್ಳುತ್ತವೆ ಎಂಬುದು ಅದರ ಸಾರ. ಅಪಾಯದ ಜಾಗಕ್ಕೆ ಹುಡುಗರು ಒಬ್ಬೊಬ್ಬರೇ ಹೋಗುತ್ತಾರೆಯೇ? ಕಿರಿಯವು ಹಿರಿಯರ ಜೊತೆಗಿದ್ದು ದಾರಿ, ಬೇಲಿ, ಬೆಳೆ ಎಲ್ಲವನ್ನೂ ಕಲಿಯುವ ಅವಕಾಶ ಅಲ್ಲಿದೆ.

ಹಾಗಾದರೆ ಹಿಡಿದು ಸಾಗಿಸಿದರಾಯಿತು ಎನ್ನುವವರಿದ್ದಾರೆ. ತೋಟ ಕಳೆದುಕೊಂಡವರು, ಮನೆಯವರನ್ನು ಕಳೆದುಕೊಂಡವರು ಹಾಗೆ ಕೇಳುವುದು ತಪ್ಪಲ್ಲ. ಹೈಕೋರ್ಟಿನ ಆದೇಶದ ಮೇಲೆ 2014ರಲ್ಲಿ ಆಲೂರು ಭಾಗದಿಂದ 22 ಆನೆಗಳನ್ನು ಹಿಡಿದದ್ದೂ ಆಯಿತು. ಮೇವೂ ನೀರೂ ಇರುವ ಜಾಗ ಖಾಲಿ ಉಳಿಯಲಿಲ್ಲ, ಬೇರೆಯವು ಬಂದವು. ಹಿಡಿಯುವ ಕೆಲಸವೇನು ಹಗುರವೇ? ಎಂಟು ಸಲ ಮೈಸೂರಿನ ಅಂಬಾರಿ ಹೊತ್ತ ಅರ್ಜುನ ಸಕಲೇಶಪುರ ತಾಲ್ಲೂಕಿನ ಯಸಳೂರಿನ ಬಳಿ 2023ರ ಡಿಸೆಂಬರ್ 4ರಂದು ಸತ್ತದ್ದು ಇಂಥ ಕಾರ್ಯಾಚರಣೆಯಲ್ಲೇ, ಮದವೇರಿದ ಕಾಡಾನೆಯ ತಿವಿತಕ್ಕೆ. ಮದ ಬಂದಾಗ ಕಣ್ಣು–ಕಿವಿಯ ನಡುವಿನ ಗ್ರಂಥಿ ಒಸರುತ್ತದೆ. ಆಗ ಅದರೆದುರು ಪಳಗಿದ ಆನೆಗೂ ಉಳಿಗಾಲವಿಲ್ಲ.

ಈಚೆಗೆ ಅರಣ್ಯ ಇಲಾಖೆ ಹೆಣ್ಣಾನೆಯ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ, ಹಿಂಡು ಎಲ್ಲಿದೆಯೆಂದು ಊರವರ ಮೊಬೈಲಿಗೆ ತಿಳಿಸುತ್ತದೆ. ಅವಳಿದ್ದಲ್ಲಿ ಸಂಸಾರವಿರುತ್ತದಲ್ಲ, ಒಂದೇ ಪಟ್ಟಿ ಸಾಕು. ಮನೆ ಬಿಟ್ಟ ಗಂಡುಗಳಿಗೆ ಈ ಲೆಕ್ಕ ನಡೆಯುವುದಿಲ್ಲ. ಇಂದು ಕೂಡಿದ್ದು ನಾಳೆ ಚದುರುತ್ತವೆ. ಅವುಗಳ ಸುದ್ದಿ ಬೇಕೆಂದರೆ ಸಂಜೆ ಲದ್ದಿ, ಹೆಜ್ಜೆ ನೋಡಿಕೊಂಡು ನಡೆದು ತಿರುಗುವ ಕಾವಲುಗಾರರೇ ಆಗಬೇಕು.