ಅಡುಗೆಮನೆಯ ಕಿಟಕಿಯಿಂದ: ತೋಟ ಸೊರಗಿದ್ದಕ್ಕೆ ತಂಗಿ ಕಾರಣಳೇ?



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ... ನಮ್ಮ ಕಡೆ ಯಾರ ಮನೆಯ ಕಷ್ಟಸುಖ ಕೇಳಿದರೂ ಅದರಲ್ಲಿ ಟೊಮೆಟೊ ಬಂದೇ ಬರುತ್ತದೆ. 2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿ ದಾಟಿತ್ತು. ಬೆಲೆ ಬಿದ್ದಾಗ ಅದೇ ಹಣ್ಣನ್ನು ರಸ್ತೆ ಬದಿಗೆ ಸುರಿದು ಹೋದವರನ್ನೂ ನೋಡಿದ್ದೇವೆ. ಆದರೆ ಈ ಸಲ ನಾನು ಹೇಳಹೊರಟಿರುವುದು ಬೆಲೆಯ ಮಾತಲ್ಲ, ನನ್ನ ತಂಗಿಯ ಮಾತು.

ಅವಳನ್ನು ಕೊಟ್ಟಿರುವುದು ಶ್ರೀನಿವಾಸಪುರದ ಹತ್ತಿರದ ಒಂದು ಹಳ್ಳಿಗೆ. ಹೋದ ವರ್ಷ ಬಳೆ ಅಡವಿಟ್ಟು ಅರ್ಧ ಎಕರೆ ಟೊಮೆಟೊ ಹಾಕಿದ್ದರು. ಗಿಡ ಹೂ ಬಿಟ್ಟು ಕಾಯಿ ಕಚ್ಚಿದ ಹೊತ್ತಿಗೆ, ಒಂದು ಮಧ್ಯಾಹ್ನ ನಾಲ್ಕೈದು ಗಿಡಗಳು ಬಿಸಿನೀರು ಹುಯ್ದ ಹಾಗೆ ಜೋತುಬಿದ್ದವು. ಎಲೆ ಹಳದಿಯಾಗಲಿಲ್ಲ, ಹುಳು ಕಾಣಲಿಲ್ಲ. ಹಸಿರು ಹಸಿರಾಗಿಯೇ ಗಿಡ ಸತ್ತಿತು. ವಾರ ಕಳೆಯುವುದರೊಳಗೆ ಸಾಲಿಗೆ ಸಾಲೇ ಮಲಗಿತು.

"ಹೊರಗಾಗಿದ್ದಾಗ ತೋಟದೊಳಗೆ ಕಾಲಿಟ್ಟೆಯಲ್ಲಾ, ಇನ್ನೇನಾಗುತ್ತೆ?" ಎಂದರಂತೆ ಅವಳ ಅತ್ತೆ. ಅವಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಫೋನಿನಲ್ಲಿ ಅಳುತ್ತಾ, "ಅಕ್ಕಾ, ನಿಜವಾಗ್ಲೂ ನನ್ನಿಂದಲೇ ಆಯ್ತೇನೋ" ಎಂದಳು. ನಿಮ್ಮಲ್ಲಿ ಮುಚ್ಚಿಡುವುದೇಕೆ? ತಕ್ಷಣ "ಇಲ್ಲ ಕಣೇ" ಎನ್ನಲು ನನಗೂ ಬಾಯಿ ಬರಲಿಲ್ಲ. ಆ ಮೂರು ದಿನ ಉಪ್ಪಿನಕಾಯಿ ಭರಣಿ ಮುಟ್ಟದೆ, ತುಳಸಿಕಟ್ಟೆಯ ಹತ್ತಿರ ಸುಳಿಯದೆ ಬೆಳೆದವಳಲ್ಲವೇ ನಾನೂ?

ನನ್ನ ಮಗಳು ಕೋಲಾರದ ತೋಟಗಾರಿಕಾ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಭಾನುವಾರ ಅವಳನ್ನೂ ಕರೆದುಕೊಂಡು ಮುಳಬಾಗಿಲಿನಿಂದ ತಂಗಿಯ ಮನೆಗೆ ಹೋದೆ. ಅವಳು ಯಾರ ಜೊತೆಗೂ ವಾದಕ್ಕೆ ನಿಲ್ಲಲಿಲ್ಲ. ಸೊರಗಿದ ಗಿಡವೊಂದರ ಕಾಂಡವನ್ನು ಬುಡದ ಹತ್ತಿರ ಎರಡು ಬೆರಳುದ್ದ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಟ್ಟು ಅಲುಗದಂತೆ ಹಿಡಿದಳು. ಸ್ವಲ್ಪ ಹೊತ್ತಿಗೆ ಕಾಂಡದ ತುದಿಯಿಂದ ಹಾಲಿನ ಎಳೆಯಂಥದ್ದು ಕೆಳಗೆ ಇಳಿಯತೊಡಗಿತು. "ಅಜ್ಜೀ, ಇದು ದುಂಡಾಣು ಸೊರಗು ರೋಗ. ಈ ಬಿಳಿ ಎಳೆ ಪೂರ್ತಿ ಸೂಕ್ಷ್ಮಾಣುಗಳು" ಎಂದಳು.

ಇದರ ಹೆಸರು ರಾಲ್ಸ್ಟೋನಿಯಾ. ಟೊಮೆಟೊ, ಬದನೆ, ಆಲೂಗಡ್ಡೆಗಳಿಗೆ ಬರುವ ಈ ರೋಗವನ್ನು ಎರ್ವಿನ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿ 1896ರಷ್ಟು ಹಿಂದೆಯೇ ವಿವರಿಸಿದ್ದರು. ಮಣ್ಣಿನಲ್ಲಿ ಅವಿತಿದ್ದು, ಬೇರಿನ ಗಾಯದಿಂದ ಒಳಹೊಕ್ಕು, ನೀರು ಏರುವ ಕೊಳವೆಯಲ್ಲಿ ಸಂಸಾರ ಹೂಡಿ, ಲೋಳೆಯಿಂದ ಅದನ್ನು ಕಟ್ಟಿಬಿಡುತ್ತದೆ. ನೀರಿಲ್ಲದೆ ಗಿಡ ಹಸಿರಾಗಿಯೇ ಬೀಳುತ್ತದೆ.

"ಗಿಡ ಸುಮ್ಮನೆ ಯಾಕೆ ಬಿಡುತ್ತೆ?" ಎಂದು ಕೇಳಿದೆ. "ಬಿಡೋಲ್ಲಮ್ಮಾ, ಜಗಳ ಆಡಿಯೇ ಸಾಯುತ್ತೆ" ಎಂದವಳು ಒಂದು ಆಲೂಗಡ್ಡೆ ಹೆಚ್ಚಿ, ಗಾಯಕ್ಕೆ ಹಾಕುವ ಹೈಡ್ರೋಜನ್ ಪೆರಾಕ್ಸೈಡನ್ನು ಅದರ ಮೇಲೆ ಎರಡು ಹನಿ ಬಿಟ್ಟಳು. ಬುಸುಬುಸು ನೊರೆ ಬಂತು! ಗಿಡ ವೈರಿಯ ಮೇಲೆ ಪ್ರಯೋಗಿಸುವ ಅಸ್ತ್ರಗಳಲ್ಲಿ ಈ ಪೆರಾಕ್ಸೈಡೂ ಒಂದು. ಆಮ್ಲಜನಕದ ಈ ಉಗ್ರರೂಪ ಸೂಕ್ಷ್ಮಾಣುವಿನ ಒಡಲನ್ನೇ ಸುಡುತ್ತದೆ. ಆಲೂಗಡ್ಡೆಯ ಮೇಲೆ ನೊರೆ ಎಬ್ಬಿಸಿದ್ದು ಕೆಟಲೇಸ್ ಎಂಬ ಕಿಣ್ವ. ಅದು ಪೆರಾಕ್ಸೈಡನ್ನು ಬರೀ ನೀರು, ಆಮ್ಲಜನಕಗಳಾಗಿ ಒಡೆದುಹಾಕುತ್ತದೆ. ನಮ್ಮ ರಕ್ತದಲ್ಲೂ ಅದಿದೆ. ಆ ದುಷ್ಟ ಸೂಕ್ಷ್ಮಾಣುವಿನ ಹತ್ತಿರವೂ ಇದೆ!

ಆದರೆ ಅದನ್ನೆಲ್ಲ ಅದು ಸದಾ ಭರ್ತಿಯಾಗಿ ತಯಾರಿಸುತ್ತಾ ಕೂರುವುದಿಲ್ಲ. ನೆಂಟರು ಬಾರದ ದಿನ ಮೂರು ಒಲೆ ಉರಿಸುವ ಗೃಹಿಣಿ ಯಾರಿದ್ದಾರೆ? ಸೂಕ್ಷ್ಮಾಣುವೂ ಹಾಗೆಯೇ, ಕಿಣ್ವ ಮಾಡುವ ವಿಧಾನವನ್ನು ತನ್ನ ಜೀನುಗಳಲ್ಲಿ ಬರೆದಿಟ್ಟುಕೊಂಡು ಅಪಾಯ ಬಂದಾಗ ಒಲೆ ಹೆಚ್ಚಿಸುತ್ತದೆ. ಅಪಾಯ ಬಂತೆಂದು ತಿಳಿಸಲು ಒಳಗೊಬ್ಬ ಕಾವಲುಗಾರನಿದ್ದಾನೆ, 'ಆಕ್ಸಿ-ಆರ್' ಎಂಬ ಪ್ರೋಟೀನು. ಇ. ಕೋಲಿ ಎಂಬ ಸೂಕ್ಷ್ಮಾಣುವಿನಲ್ಲಿ ಇದರ ಗುಟ್ಟು 1998ರಲ್ಲಿ ಹೊರಬಿತ್ತು. ಪೆರಾಕ್ಸೈಡ್ ತಾಗಿದೊಡನೆ ಈ ಪ್ರೋಟೀನಿನ ಎರಡು ಗಂಧಕದ ಕೊಂಡಿಗಳು ಒಂದಕ್ಕೊಂದು ಗಂಟು ಬೀಳುತ್ತವೆ. ನಮ್ಮ ಕೂದಲಿಗೆ ಗಟ್ಟಿತನ ಕೊಡುವುದೂ ಇಂಥದೇ ಗಂಧಕದ ಗಂಟು. ಗಂಟು ಬಿದ್ದಾಗ ಪ್ರೋಟೀನಿನ ಆಕಾರ ಬದಲಾಗಿ, ರಕ್ಷಣೆಯ ಜೀನುಗಳು ಕೆಲಸಕ್ಕೆ ತೊಡಗುತ್ತವೆ. ಅಪಾಯ ಕಳೆದ ಮೇಲೆ ಗಂಟು ಬಿಚ್ಚಿ, ಒಲೆ ತಣ್ಣಗಾಗುತ್ತದೆ. ಅಂದರೆ, ಕೊಲ್ಲಲು ಬಂದ ವಿಷವೇ ಕರೆಗಂಟೆಯೂ ಹೌದು!

ನಮ್ಮ ಟೊಮೆಟೊ ವೈರಿಯಲ್ಲೂ ಇದೇ ಕಾವಲುಗಾರನಿದ್ದಾನೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದು 2011ರಲ್ಲಿ ಇದನ್ನು ಪ್ರಕಟಿಸಿತು. ಆಕ್ಸಿ-ಆರ್ ಕಳೆದುಕೊಂಡ ರಾಲ್ಸ್ಟೋನಿಯಾದಲ್ಲಿ ಕೆಟಲೇಸಿನ ಸುಳಿವೇ ಇರಲಿಲ್ಲ. ಪೆರಾಕ್ಸೈಡ್ ಇದ್ದಲ್ಲಿ ಅದು ಬೆಳೆಯಲಿಲ್ಲ. ಟೊಮೆಟೊ ಗಿಡಕ್ಕೆ ರೋಗ ತರುವ ಶಕ್ತಿಯೂ ಬಹಳ ಕುಗ್ಗಿತು. ಗಿಡ ಹೋರಾಡುವುದು ನಿಜ, ವೈರಿ ಎಚ್ಚೆತ್ತು ತಡೆಯುವುದೂ ನಿಜ ಎಂದಾಯಿತಲ್ಲ.

ಇನ್ನೊಂದು ಮಾತು. ಬ್ರೂಸ್ ಏಮ್ಸ್ ಅವರ ಪ್ರಯೋಗಾಲಯದವರು ಸಾಲ್ಮೊನೆಲ್ಲಾ ಎಂಬ ಸೂಕ್ಷ್ಮಾಣುವಿನಲ್ಲಿ ಈ ಕಾವಲುಗಾರನನ್ನು 1985ರಲ್ಲಿ ವಿವರಿಸಿದಾಗ ಕಂಡದ್ದು ಇದು: ಮೊದಲು ಚೂರೇ ಚೂರು ಪೆರಾಕ್ಸೈಡಿನ ರುಚಿ ಕಂಡ ಸೂಕ್ಷ್ಮಾಣು, ಆಮೇಲೆ ಕೊಲ್ಲುವಷ್ಟು ಹಾಕಿದರೂ ತಡೆದುಕೊಳ್ಳುತ್ತದೆ. ಅರೆಬರೆ ಪೆಟ್ಟು ವೈರಿಯನ್ನು ಎಚ್ಚರಿಸುತ್ತದೆಯೇ ಹೊರತು ಮುಗಿಸುವುದಿಲ್ಲ. ರಾಲ್ಸ್ಟೋನಿಯಾ ಒಮ್ಮೆ ಗಿಡದೊಳಗೆ ಸೇರಿದರೆ ಗುಣಪಡಿಸುವ ಔಷಧಿಯೂ ಇಲ್ಲ. ಸಾಲ ಮಾಡಿ ಡಬ್ಬಿಗಟ್ಟಲೆ ಸುರಿಯುವ ಬದಲು ಅದು ಒಳಗೆ ಬಾರದಂತೆ ನೋಡಿಕೊಳ್ಳಬೇಕು. ಮಗಳು ತಂಗಿಗೆ ಬರೆದುಕೊಟ್ಟ ಚೀಟಿ ನಿಮಗೂ ಇರಲಿ:

* ಸೊರಗಿದ ಗಿಡವನ್ನು ಬೇರುಸಮೇತ ಕಿತ್ತು ಸುಡಿ; ಕಾಲುವೆಗೆ ಎಸೆಯಬೇಡಿ. ನೀರಿನ ಜೊತೆ ರೋಗವೂ ಹರಿಯುತ್ತದೆ.
* ಕುಡುಗೋಲು, ಕಳೆ ಕೀಳುವ ಸಲಿಕೆಗಳ ಮಣ್ಣು ಉಜ್ಜಿ ತೆಗೆದು, ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಅದ್ದಿ ತೊಳೆಯಿರಿ.
* ಆ ನೆಲದಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೇಡ. ಎರಡು ಮೂರು ವರ್ಷ ರಾಗಿ, ಜೋಳ ಬೆಳೆಯಿರಿ.
* ಮತ್ತೆ ಟೊಮೆಟೊ ಹಾಕುವಾಗ ಈ ರೋಗ ತಡೆಯುವ ತಳಿ ಕೇಳಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ರಕ್ಷಕ್' ಅಂಥದ್ದು.

ತಂಗಿಯ ಹೊಲದಲ್ಲಿ ಹಿಂದಿನ ಬೆಳೆ ಏನೆಂದು ಮಗಳು ಕೇಳಿದಾಗ "ಬದನೆ. ಅದೂ ಒಂದಷ್ಟು ಹೀಗೇ ಒಣಗಿತ್ತು" ಎಂದರು ಅತ್ತೆಯೇ! ವೈರಿ ಆಗಲೇ ಮಣ್ಣಿನಲ್ಲಿ ಕಾದು ಕುಳಿತಿತ್ತು. ಹೆಂಗಸಿನ ಮುಟ್ಟಿಗೂ ಅದಕ್ಕೂ ಯಾವ ನಂಟೂ ಇಲ್ಲ.

ಅತ್ತೆ ತಪ್ಪಾಯಿತು ಎನ್ನಲಿಲ್ಲ. ಆ ವಯಸ್ಸಿನವರು ಅನ್ನುವುದೂ ಕಷ್ಟ. ಲೋಟದ ನೀರನ್ನು ತೋಟಕ್ಕೆ ಚೆಲ್ಲದೆ ಒಲೆಯ ಮೇಲಿಟ್ಟು ಕುದಿಸಿದರು. ಆಮೇಲೆ ತಂಗಿಯತ್ತ ನೋಡದೆಯೇ, "ಕೈ ತೊಳ್ಕೊಂಡು ಬಾ, ಊಟ ಮಾಡೋಣ. ಬಿದ್ದಿರೋ ಕಾಯಿ ಹಾಳು ಮಾಡೋದು ಬೇಡ, ಚಟ್ನಿ ಅರಿ" ಎಂದರು. ಈ ರೋಗ ಮನುಷ್ಯರಿಗೆ ಬರುವುದಲ್ಲವಲ್ಲ!

ಚಟ್ನಿ ಹೀಗೆ: ನಾಲ್ಕು ಹಸಿರು ಟೊಮೆಟೊ ಕಾಯಿಗಳನ್ನು ಚೆನ್ನಾಗಿ ತೊಳೆದು ಹೆಚ್ಚಿ, ಎಣ್ಣೆಯಲ್ಲಿ ಆರು ಹಸಿಮೆಣಸಿನಕಾಯಿ, ನಾಲ್ಕು ಎಸಳು ಬೆಳ್ಳುಳ್ಳಿಯ ಜೊತೆ ಮೆತ್ತಗಾಗುವವರೆಗೆ ಬಾಡಿಸಿ. ಹುರಿದ ಕಡಲೆಬೀಜ ಒಂದು ಹಿಡಿ, ಜೀರಿಗೆ, ಉಪ್ಪು, ಕೊತ್ತಂಬರಿ ಸೇರಿಸಿ ತರಿತರಿಯಾಗಿ ಅರೆದು ಸಾಸಿವೆ ಒಗ್ಗರಣೆ ಕೊಡಿ. ಬಿಸಿ ಮುದ್ದೆಗೂ ಸರಿ, ದೋಸೆಗೂ ಸರಿ.

ಬಳೆ ಇನ್ನೂ ಬಿಡಿಸಿಲ್ಲ. ಈ ಸಲ ಆ ನೆಲದಲ್ಲಿ ರಾಗಿ ಬಿತ್ತಿದ್ದಾರೆ. ತಂಗಿ ಈಗ ಊಟ ಮಾಡುತ್ತಿದ್ದಾಳೆ, ಹೊಲಕ್ಕೂ ಎಲ್ಲ ದಿನಗಳಲ್ಲೂ ಹೋಗುತ್ತಿದ್ದಾಳೆ.