ಗೆದ್ದ ಎತ್ತಿನ ಬಾಲ

ಗಾಂಧಿನಗರಕ್ಕೆ ಶುಕ್ರವಾರವೆಂದರೆ ತೀರ್ಪಿನ ದಿನ. ಬೆಳಗಿನ ಆಟ ಮುಗಿಯುವ ಹೊತ್ತಿಗೆ ಚಿತ್ರವೊಂದರ ಹಣೆಬರಹ ನಿರ್ಧಾರವಾಗಿರುತ್ತದೆ. ಚಿತ್ರ ಓಡಿದರೆ ನಿರ್ದೇಶಕನ ತಪ್ಪುಗಳೆಲ್ಲ ಪ್ರಯೋಗ ಎನಿಸಿಕೊಳ್ಳುತ್ತವೆ. ಮಕಾಡೆ ಮಲಗಿದರೆ ಪ್ರಯೋಗಗಳೆಲ್ಲ ತಪ್ಪು ಎನಿಸಿಕೊಳ್ಳುತ್ತವೆ. ಇಲ್ಲಿನ ಕಚೇರಿಯೊಂದರಲ್ಲಿ ಬಹುಕಾಲ ದುಡಿದ ನಾನು, ಇದೇ ನ್ಯಾಯವನ್ನು ಕ್ರಿಕೆಟ್ಟಿಗೂ ಅನ್ವಯಿಸುವುದನ್ನು ಪಕ್ಕದ ದರ್ಶಿನಿಯಲ್ಲಿ ಕಾಫಿ ಲೋಟ ಹಿಡಿದು ನಿಂತು ಕೇಳಿದ್ದೇನೆ. 2023ರ ನವೆಂಬರ್ 20ರಂದು, ಅಂದರೆ ಅಹಮದಾಬಾದಿನ ವಿಶ್ವಕಪ್ ಫೈನಲ್ ಸೋತ ಮರುದಿನ, 'ದ್ರಾವಿಡ್‌ಗೆ ತಂಡ ಆರಿಸುವುದು ಗೊತ್ತಿಲ್ಲ' ಎಂದ ನನ್ನ ಮಿತ್ರರೇ 2024ರ ಜುಲೈ 1ರಂದು ಅದೇ ಜಾಗದಲ್ಲಿ ನಿಂತು 'ಅವರಂಥ ಕೋಚ್ ಇನ್ನೊಬ್ಬರಿಲ್ಲ' ಎಂದರು. ನಡುವೆ ಕಳೆದದ್ದು ಏಳೆಂಟು ತಿಂಗಳು ಮಾತ್ರ. ಆ ಅವಧಿಯಲ್ಲಿ ಬದಲಾದದ್ದು ದ್ರಾವಿಡ್ ಅವರೇ ಅಥವಾ ಫಲಿತಾಂಶವೇ?

ಗೆದ್ದ ಎತ್ತಿನ ಬಾಲ ಹಿಡಿಯುವುದು ಲೋಕರೂಢಿ. ಆದರೆ ಅದು ವಿಮರ್ಶೆಯಲ್ಲ. ತಂಡದ ಹನ್ನೊಂದು ಮಂದಿಯನ್ನು ಆರಿಸುವವರನ್ನು ಅಳೆಯಲು ಮೂರು ಪ್ರಶ್ನೆಗಳು ಸಾಕೆಂದು ನನಗೆ ಅನಿಸುತ್ತದೆ. ಆಯ್ಕೆ ಮಾಡುವ ಹೊತ್ತಿನಲ್ಲಿ ಅವರಿಗೆ ಏನೇನು ತಿಳಿದಿತ್ತು? ಕೈಬಿಟ್ಟವನಿಗಿಂತ ಆರಿಸಿಕೊಂಡವನು ಮೇಲು ಎನ್ನಲು ಕಾರಣವಿತ್ತೇ? ತಪ್ಪಾದಾಗ ತಿದ್ದಿಕೊಂಡರೇ? ರಾಹುಲ್ ದ್ರಾವಿಡ್ ನಮ್ಮೂರಿನವರು ಎಂಬ ಅಭಿಮಾನವನ್ನು ಬದಿಗಿಟ್ಟು, 2021ರ ನವೆಂಬರಿನಿಂದ 2024ರ ಜೂನ್‌ವರೆಗಿನ ಅವರ ಅವಧಿಯನ್ನು ಈ ಪ್ರಶ್ನೆಗಳ ಮುಂದೆ ನಿಲ್ಲಿಸಿ ನೋಡೋಣ. ಹದಿನೈದರ ಬಳಗವನ್ನು ಆಯ್ಕೆ ಸಮಿತಿ ಕೊಡುತ್ತದೆ; ಅದರಿಂದ ಹನ್ನೊಂದನ್ನು ಆರಿಸುವ ಹೊಣೆ ನಾಯಕ ಮತ್ತು ಕೋಚ್ ಇಬ್ಬರದು. ಆದ್ದರಿಂದ ಇಲ್ಲಿ ದ್ರಾವಿಡ್‌ಗೆ ಸಲ್ಲುವ ಹೊಗಳಿಕೆ, ತೆಗಳಿಕೆ ಎರಡರಲ್ಲೂ ನಾಯಕನಿಗೆ ಪಾಲುಂಟು.

ಮೊದಲು ಅಪರಾಧ ಪಟ್ಟಿ. 2023ರ ಜೂನ್‌ನಲ್ಲಿ ಲಂಡನ್ನಿನ ಓವಲ್‌ನಲ್ಲಿ ನಡೆದ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್‌ನಿಂದ ಆರ್. ಅಶ್ವಿನ್ ಅವರನ್ನು ಹೊರಗಿಡಲಾಯಿತು. ಆಗ ಅವರು ಟೆಸ್ಟ್ ಬೌಲರ್‌ಗಳ ರ್‍ಯಾಂಕಿಂಗ್‌ನಲ್ಲಿ ಮೊದಲಿಗರು. ಎದುರಾಳಿ ಆಸ್ಟ್ರೇಲಿಯಾದ ಹನ್ನೊಂದರಲ್ಲಿ ಐವರು ಎಡಗೈ ಬ್ಯಾಟ್ಸ್‌ಮನ್‌ಗಳಿದ್ದರು. ಎಡಗೈಯವರಿಗೆ ಅಶ್ವಿನ್ ಸಿಂಹಸ್ವಪ್ನ. ಮೋಡ ಮುಸುಕಿದ ಬೆಳಗು, ಹಸಿರು ಪಿಚ್ ಎಂದು ನಾಲ್ವರು ವೇಗಿಗಳೊಂದಿಗೆ ಇಳಿದ ಭಾರತ ಟಾಸ್ ಗೆದ್ದು ಬೌಲಿಂಗ್ ಆರಿಸಿಕೊಂಡಿತು. ಎಡಗೈಯ ಟ್ರಾವಿಸ್ ಹೆಡ್ 163 ರನ್ ಹೊಡೆದರು. ಭಾರತ 209 ರನ್‌ಗಳಿಂದ ಸೋತಿತು. ಸೋತದ್ದರಿಂದ ಈ ಆಯ್ಕೆ ತಪ್ಪಾಯಿತೆಂದು ನಾನು ಹೇಳುತ್ತಿಲ್ಲ. ಟೆಸ್ಟ್ ಪಂದ್ಯ ಐದು ದಿನಗಳದು. ಒಂದು ಮುಂಜಾನೆಯ ಆಕಾಶವನ್ನು ನೋಡಿ ಐದು ದಿನಗಳ ತಂಡವನ್ನು ಕಟ್ಟಿದ್ದು ತಪ್ಪು. ಇದಕ್ಕೆ ಹಿಂದಿನ ವರ್ಷ ಎಜ್‌ಬಾಸ್ಟನ್‌ನಲ್ಲೂ ಅಶ್ವಿನ್ ಹೊರಗಿದ್ದರು. ಅಲ್ಲಿ ಇಂಗ್ಲೆಂಡ್ 378 ರನ್‌ಗಳ ಗುರಿಯನ್ನು ಲೀಲಾಜಾಲವಾಗಿ ಮುಟ್ಟಿತ್ತು. ತಿದ್ದಿಕೊಂಡರೇ ಎಂಬ ಮೂರನೆಯ ಪ್ರಶ್ನೆಯಲ್ಲೂ ಇಲ್ಲಿ ದ್ರಾವಿಡ್ ಅನುತ್ತೀರ್ಣರು.

ಇನ್ನು ನನ್ನ ಮಿತ್ರರು ಸಿಟ್ಟಾಗಿದ್ದ ವಿಶ್ವಕಪ್. ಎಂಟನೆಯ ಕ್ರಮಾಂಕದವನೂ ಬ್ಯಾಟ್ ಬೀಸಬಲ್ಲವನಾಗಿರಬೇಕು ಎಂಬ ಲೆಕ್ಕಾಚಾರದಲ್ಲಿ ಮೊದಲ ನಾಲ್ಕು ಪಂದ್ಯಗಳಿಗೆ ಮೊಹಮ್ಮದ್ ಶಮಿ ಅವರನ್ನು ಬೆಂಚಿನಲ್ಲಿ ಕೂರಿಸಲಾಗಿತ್ತು. ಪುಣೆಯಲ್ಲಿ ಹಾರ್ದಿಕ್ ಪಾಂಡ್ಯ ಗಾಯಗೊಂಡ ಮೇಲೆ ಬೇರೆ ದಾರಿಯಿಲ್ಲದೆ ತಂಡವನ್ನು ಪುನರ್ರಚಿಸಬೇಕಾಯಿತು. ಒಳಬಂದ ಶಮಿ ಧರ್ಮಶಾಲಾದಲ್ಲಿ ಐದು ವಿಕೆಟ್ ಕಿತ್ತರು. ಮುಂಬೈನ ಸೆಮಿಫೈನಲ್‌ನಲ್ಲಿ ಏಳು. ಒಟ್ಟು ಏಳೇ ಪಂದ್ಯಗಳಲ್ಲಿ 24. ಆ ಹನ್ನೊಂದು ಮಂದಿ ಒಬ್ಬರೂ ಬದಲಾಗದೆ ಸತತ ಆರು ಪಂದ್ಯ ಗೆದ್ದು ಫೈನಲ್‌ಗೆ ಬಂದರು. ಸೋಜಿಗವೆಂದರೆ, ನಾವು ಬೈದದ್ದು ಸರಿಯಾದ ಹನ್ನೊಂದನ್ನು. ತಪ್ಪು ಹನ್ನೊಂದು ಆಡಿದ್ದು ಮೊದಲ ನಾಲ್ಕು ಪಂದ್ಯಗಳಲ್ಲಿ. ಆಗ ಭಾರತ ಗೆಲ್ಲುತ್ತಿತ್ತು, ಹಾಗಾಗಿ ದರ್ಶಿನಿಯಲ್ಲಿ ಯಾರೂ ತಕರಾರು ಎತ್ತಲಿಲ್ಲ. ಗೆಲುವು ಮುಚ್ಚಿಟ್ಟ ತಪ್ಪನ್ನು ಒಬ್ಬ ಆಟಗಾರನ ಕಾಲು ಉಳುಕಿ ಬಯಲು ಮಾಡಬೇಕಾಯಿತು.

ಈ ಎಲ್ಲ ತಪ್ಪುಗಳ ಬೇರು ಒಂದೇ: ವಿಕೆಟ್ ಕೀಳುವವನಿಗಿಂತ ಮೂವತ್ತು ರನ್ ಸೇರಿಸಬಲ್ಲವನ ಮೇಲಿನ ಮೋಹ. ಕರ್ನಾಟಕದವರಿಗೆ ಇದು ವಿಶೇಷವಾಗಿ ಚುಚ್ಚಬೇಕು. ನಮ್ಮ ಬಿ.ಎಸ್. ಚಂದ್ರಶೇಖರ್ 58 ಟೆಸ್ಟ್‌ಗಳಲ್ಲಿ ಪಡೆದ ವಿಕೆಟ್ 242, ಗಳಿಸಿದ ರನ್ 167. ಇದೇ ಓವಲ್‌ನಲ್ಲಿ 1971ರಲ್ಲಿ 38 ರನ್ನಿಗೆ ಆರು ವಿಕೆಟ್ ಕಿತ್ತು ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಸರಣಿ ಗೆಲುವು ತಂದವರು ಅವರೇ. ಎಂಟನೆಯವನೂ ಬ್ಯಾಟ್ ಹಿಡಿಯಬೇಕೆಂಬ ಇಂದಿನ ಲೆಕ್ಕದಲ್ಲಿ ಚಂದ್ರ ಅವರಿಗೆ ತಂಡದಲ್ಲಿ ಜಾಗ ಸಿಗುತ್ತಿತ್ತೇ ಎಂಬುದು ಅನುಮಾನ.

ಹಾಗಾದರೆ ದ್ರಾವಿಡ್ ಸೋತ ಕೋಚೇ? ಖಂಡಿತ ಅಲ್ಲ. 2022ರಲ್ಲಿ ಅಡಿಲೇಡ್‌ನ ಟಿ-20 ಸೆಮಿಫೈನಲ್‌ನಲ್ಲಿ ಮೊದಲ ಆರು ಓವರ್‌ಗಳಲ್ಲಿ 38 ರನ್ ಮಾಡಿ ತೆವಳಿದ್ದ ತಂಡ ಹತ್ತು ವಿಕೆಟ್‌ಗಳಿಂದ ಸೋತಿತ್ತು. ಆ ಅಂಜುಬುರುಕತನವನ್ನು ಮುಂದಿನ ಎರಡು ವರ್ಷಗಳಲ್ಲಿ ರೋಹಿತ್ ಶರ್ಮಾ ಜೊತೆಗೂಡಿ ಅವರು ಬೇರುಸಹಿತ ಕಿತ್ತರು. 2024ರಲ್ಲಿ ವಿರಾಟ್ ಕೊಹ್ಲಿ ಇಲ್ಲದೆ, ಮೊದಲ ಟೆಸ್ಟ್ ಸೋತ ನಂತರವೂ ಹೊಸಬರನ್ನು ನಂಬಿ ಇಂಗ್ಲೆಂಡ್ ವಿರುದ್ಧ ಸರಣಿಯನ್ನು 4-1ರಿಂದ ಗೆದ್ದರು. ರಾಂಚಿಯಲ್ಲಿ ಧ್ರುವ್ ಜುರೆಲ್ ಗಳಿಸಿದ 90 ಮತ್ತು ಔಟಾಗದೆ 39 ರನ್ ಆ ನಂಬಿಕೆಗೆ ಸಾಕ್ಷಿ.

ಕೊನೆಗೆ ಬ್ರಿಜ್‌ಟೌನ್. ಟಿ-20 ವಿಶ್ವಕಪ್ ಫೈನಲ್‌ನಲ್ಲಿ 34 ರನ್ನಿಗೆ ಮೂರು ವಿಕೆಟ್ ಬಿದ್ದಾಗ ಐದನೆಯವರಾಗಿ ಬಂದವರು ಅಕ್ಷರ್ ಪಟೇಲ್. ದಕ್ಷಿಣ ಆಫ್ರಿಕಾದ ಸ್ಪಿನ್ನರ್‌ಗಳನ್ನು ಎದುರಿಸಲು ಒಬ್ಬ ಎಡಗೈಯವನು ಬೇಕಿತ್ತು. ಅವರು 31 ಎಸೆತಗಳಲ್ಲಿ 47 ರನ್ ಮಾಡಿದರು. ಮುಂದೆ ಎದುರಾಳಿಗೆ 30 ಎಸೆತಗಳಲ್ಲಿ 30 ರನ್ ಸಾಕಾಗಿತ್ತು, ಆರು ವಿಕೆಟ್ ಕೈಯಲ್ಲಿದ್ದವು. ಗಡಿಗೆರೆಯ ಅಂಚಿನಲ್ಲಿ ಸೂರ್ಯಕುಮಾರ್ ಯಾದವ್ ಆ ಕ್ಯಾಚ್ ಕೈಬಿಟ್ಟಿದ್ದರೆ ಪಂದ್ಯ ಕೈತಪ್ಪಬಹುದಿತ್ತು. ಆಗಲೂ ಅಕ್ಷರ್‌ಗೆ ಬಡ್ತಿ ಕೊಟ್ಟದ್ದು ಸರಿಯಾದ ನಿರ್ಧಾರವೇ ಆಗಿರುತ್ತಿತ್ತು. ಹಾಗೆಯೇ, ಏಳು ಇನಿಂಗ್ಸ್‌ಗಳಲ್ಲಿ 75 ರನ್ ಮಾಡಿದ್ದ ಕೊಹ್ಲಿ ಅವರನ್ನೇ ಆರಂಭಕ್ಕೆ ಕಳುಹಿಸುತ್ತ ಯಶಸ್ವಿ ಜೈಸ್ವಾಲ್ ಅವರನ್ನು ಹೊರಗೆ ಕೂರಿಸಿದ್ದು ಚರ್ಚಾಸ್ಪದ. ಫೈನಲ್‌ನ 76 ರನ್ ಆ ಚರ್ಚೆಯನ್ನು ಮುಗಿಸುವುದಿಲ್ಲ.

ಇದು ಕೇವಲ ಆಟದ ಮಾತಲ್ಲ. ಫಲಿತಾಂಶವೊಂದನ್ನೇ ನೋಡಿ ತಲೆದಂಡ ಕೇಳುವ ಸಮಾಜದಲ್ಲಿ ನಿರ್ಧರಿಸುವ ಸ್ಥಾನದಲ್ಲಿರುವವರು ಒಂದು ಪಾಠ ಕಲಿಯುತ್ತಾರೆ: ಸರಿಯಾದದ್ದನ್ನಲ್ಲ, ಬೈಗುಳ ತಪ್ಪಿಸುವುದನ್ನು ಆರಿಸು. ಬಸವನಗುಡಿಯ ಮೈದಾನದಲ್ಲಿ ಶಾಲಾ ತಂಡ ಕಟ್ಟುವ ಮೇಷ್ಟ್ರಿಗೂ ಈ ಪಾಠ ತಲುಪಿದರೆ, ಓವರಿಗೆರಡು ಕೆಟ್ಟ ಚೆಂಡು ಹಾಕಿದರೂ ಪಂದ್ಯ ಗೆಲ್ಲಿಸಬಲ್ಲ ಲೆಗ್ ಸ್ಪಿನ್ನರ್ ಹುಡುಗ ಬೆಂಚಿನಲ್ಲೇ ಉಳಿಯುತ್ತಾನೆ.

ನನ್ನ ತೀರ್ಪು ಇಷ್ಟು: ಟೆಸ್ಟ್ ಹನ್ನೊಂದರ ಆಯ್ಕೆಯಲ್ಲಿ ದ್ರಾವಿಡ್ ಅತಿ ಎಚ್ಚರಿಕೆಯ ಮನುಷ್ಯ, ಅದಕ್ಕೆ ಬೆಲೆ ತೆತ್ತರು. ತಂಡದ ಸ್ವಭಾವವನ್ನು ತಿದ್ದುವುದರಲ್ಲಿ ಅವರು ದೊಡ್ಡ ಕೋಚ್. ಆ ಮಾತನ್ನು ನಾವು ಅಹಮದಾಬಾದಿನ ಸೋಲಿನ ಮರುದಿನವೇ ಹೇಳಬಹುದಿತ್ತು. ಅದಕ್ಕೆ ಬ್ರಿಜ್‌ಟೌನಿನ ಕಪ್ಪು ಬೇಕಿರಲಿಲ್ಲ.