ಫೋಟೊದಿಂದ ನಾವು ಕತ್ತರಿಸಿದ ಅಕ್ಕ

ಎರಡು ವರ್ಷದ ಹಿಂದೆ ನಾವು ಸುದ್ದಿಗಾಗಿ ಒಂದು ಹಳ್ಳಿಗೆ ಹೋಗಿದ್ದೆವು. ಅಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗನಿದ್ದ. ಅವನಿಗೆ ಸೆರೆಬ್ರಲ್ ಪಾಲ್ಸಿ. ನಡೆಯಲು ಆಗುವುದಿಲ್ಲ, ಕೂತರೂ ಆಸರೆ ಬೇಕು, ಮಾತು ಸ್ಪಷ್ಟವಿಲ್ಲ. ಗಾಲಿಕುರ್ಚಿಗೆ ಅರ್ಜಿ ಹಾಕಿ ವರ್ಷವಾದರೂ ಬಂದಿಲ್ಲ ಎಂಬುದು ನಮ್ಮ ಸುದ್ದಿ. ಅವ್ವನನ್ನು ಮಾತಾಡಿಸಿದೆವು, ಹುಡುಗನ ಫೋಟೊ ತೆಗೆದೆವು, ಬರೆದು ಹಾಕಿದೆವು. ಕೆಲವು ವಾರಗಳಲ್ಲಿ ಕುರ್ಚಿಯೂ ಬಂತು. ನಮ್ಮ ಬೆನ್ನನ್ನು ನಾವೇ ತಟ್ಟಿಕೊಂಡೆವು.

ಮೊನ್ನೆ ಹಳೆಯ ಫೋಟೊಗಳನ್ನು ಜೋಡಿಸುವಾಗ ಆ ದಿನದ ಮೂಲ ಫೋಟೊ ಸಿಕ್ಕಿತು. ಹಾಕುವಾಗ ನಾವು ಅದರ ಎಡಗಡೆಯನ್ನು ಕತ್ತರಿಸಿದ್ದೆವು. ಕತ್ತರಿಸಿದ ಜಾಗದಲ್ಲಿ ಒಬ್ಬ ಹುಡುಗಿ ಇದ್ದಳು. ಹನ್ನೆರಡು ವರ್ಷ ಇರಬಹುದು. ಅವಳ ಒಂದು ಕೈ ತಮ್ಮನ ಬೆನ್ನ ಹಿಂದೆ, ಇನ್ನೊಂದು ಕೈಯಲ್ಲಿ ಅನ್ನದ ತಟ್ಟೆ. ಫೋಟೊದಲ್ಲಿ ಅವನು ನೆಟ್ಟಗೆ ಕೂತಿದ್ದೇ ಅವಳ ಕೈಯ ಬಲದಿಂದ. ಫೋಟೊ ಚೆಂದ ಕಾಣಲಿ ಎಂದು ನಾವು ಆ ಕೈಯ ಒಡತಿಯನ್ನೇ ತೆಗೆದುಹಾಕಿದ್ದೆವು.

ನಮ್ಮ ನೋಟ್ ಬುಕ್ಕಿನಲ್ಲಿ ಅವಳ ಹೆಸರೂ ಇಲ್ಲ. ಫೋಟೊ ತೆಗೆದದ್ದು ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ. ಶಾಲೆ ನಡೆಯುವ ಹೊತ್ತು. ಈ ಹುಡುಗಿ ಮನೆಯಲ್ಲಿ ಯಾಕಿದ್ದಾಳೆ ಎಂದು ಪತ್ರಿಕೋದ್ಯಮ ಓದಿದ ನಮ್ಮಲ್ಲಿ ಒಬ್ಬರಿಗೂ ಕೇಳಬೇಕು ಅನಿಸಲಿಲ್ಲ.

ಹೀಗಾಗಿ ಮತ್ತೆ ಹೋದೆವು. ಈ ಸಲ ಅವಳನ್ನು ಮಾತಾಡಿಸಲು. (ಊರು, ಹೆಸರು ಹೇಳುವುದಿಲ್ಲ. ಅವಳು ಅದೇ ಊರಲ್ಲಿ ಬಾಳಬೇಕು.)

ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿದೆ. ಆದರೆ ಮೆಣಸಿನಕಾಯಿ ಬಿಡಿಸುವ ಕಾಲ, ಜೋಳದ ಸುಗ್ಗಿ, ಕಳೆ ತೆಗೆಯುವ ದಿನಗಳಲ್ಲಿ ಅವಳು ಶಾಲೆಯಲ್ಲಿ ಇರುವುದಿಲ್ಲ. ಯಾಕೆ ಎಂದು ಕೇಳಿದರೆ ಎರಡೇ ಮಾತಿನಲ್ಲಿ ಹೇಳಿದಳು: “ಅವ್ವ ಕೂಲಿಗೆ ಹೋದ್ರ ನಾ ಮನ್ಯಾಗ ಇರಬೇಕ್ರಿ. ಅವ್ವ ಮನ್ಯಾಗ ಇದ್ರ ನಾ ಸಾಲಿಗೆ ಹೋಗ್ತೀನ್ರಿ.”

ತಮ್ಮನ ಬಗ್ಗೆ ಕೇಳಿದಾಗ ಮುಖ ಅರಳಿತು. “ಅಂವ ಏನಂತಾನ ಅಂತ ನಂಗಷ್ಟ ತಿಳಿತೈತ್ರಿ” ಎಂದಳು. ಆ ಮಾತಿನಲ್ಲಿ ಹೆಮ್ಮೆ ಇತ್ತು. ಹೊರಡುವಾಗ ನಮ್ಮ ಜೊತೆಗಿದ್ದ ಗೆಳತಿಯನ್ನು ದನದ ಕೊಟ್ಟಿಗೆಯ ಕಡೆ ಕರೆದೊಯ್ದು ಮೆಲ್ಲಗೆ ಕೇಳಿದಳಂತೆ: “ಅಕ್ಕಾರ, ನಂಗೂ ಮುಂದ ಹಂಗ ಆಗ್ತೈತೇನ್ರಿ?”

ಹದಿನಾಲ್ಕು ವರ್ಷದ ಹುಡುಗಿ. ತಮ್ಮ ಹುಟ್ಟಿದಾಗಿನಿಂದ ಅವನನ್ನು ಎತ್ತಿ ಇಳಿಸುತ್ತಿದ್ದಾಳೆ. ಅವನಿಗೆ ಏನಾಗಿದೆ ಎಂದು ಅವಳಿಗೆ ಇದುವರೆಗೆ ಯಾರೂ ಹೇಳಿಲ್ಲ. ಈ ಭಯ ಹೊಟ್ಟೆಯಲ್ಲಿಟ್ಟುಕೊಂಡೇ ಅವಳು ದಿನಾ ಅವನಿಗೆ ಉಣ್ಣಿಸುತ್ತಿದ್ದಳು.

2011ರ ಜನಗಣತಿಯ ಪ್ರಕಾರ ನಮ್ಮ ರಾಜ್ಯದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದಾರೆ. ಅವರನ್ನು ಎಣಿಸಿದ್ದೇವೆ. ಅವರಲ್ಲಿ ಮಕ್ಕಳಾಗಿರುವವರ ಜೊತೆ ಒಂದೇ ಮನೆಯಲ್ಲಿ ಬೆಳೆಯುವ ಅಕ್ಕ, ಅಣ್ಣ, ತಂಗಿ, ತಮ್ಮಂದಿರನ್ನು ಯಾರೂ ಎಣಿಸಿಲ್ಲ. ಎಣಿಸದಿದ್ದರೂ ನಿಮ್ಮ ಓಣಿಯಲ್ಲಿ ಅಂಥ ಒಬ್ಬರಾದರೂ ಇರಬಹುದು. ಈ ಹೊತ್ತಿಗೆ ನಿಮಗೆ ನೆನಪೂ ಆಗಿರಬಹುದು.

ಕೆಲವರು ಕೇಳುತ್ತಾರೆ: “ಹಳ್ಳಿಯಲ್ಲಿ ದೊಡ್ಡ ಮಕ್ಕಳು ಸಣ್ಣವರನ್ನು ನೋಡಿಕೊಳ್ಳುವುದು ಇದ್ದದ್ದೇ. ನಾವೂ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆದವರೇ. ಇದರಲ್ಲೇನು ವಿಶೇಷ?” ಮಾತು ನಿಜ. ನಮ್ಮಲ್ಲೂ ಹಲವರು ಹಾಗೇ ಬೆಳೆದವರು. ಆದರೆ ನಾವು ಹೊತ್ತ ತಂಗಿ ಮೂರು ವರ್ಷಕ್ಕೆ ಕೆಳಗಿಳಿದು ಓಡಿದಳು. ಇಲ್ಲಿ ಹಾಗಾಗುವುದಿಲ್ಲ. ತಮ್ಮನ ತೂಕ ವರ್ಷ ವರ್ಷ ಏರುತ್ತದೆ. ಅವನು ಮೀಸೆ ಮೂಡುವ ವಯಸ್ಸಿಗೆ ಬರುತ್ತಾನೆ, ಅವಳು ದೊಡ್ಡವಳಾಗುತ್ತಾಳೆ. ಆಗಲೂ ಅವನಿಗೆ ಸ್ನಾನ ಮಾಡಿಸುವವರು, ಬಟ್ಟೆ ಬದಲಿಸುವವರು ಯಾರು? ಈ ಪ್ರಶ್ನೆಯನ್ನು ದೊಡ್ಡವರು ಮುಂದೂಡುತ್ತಾ ಹೋದರೆ ಉತ್ತರ ತಾನಾಗಿ ಅವಳ ತಲೆಗೇ ಬಂದು ಬೀಳುತ್ತದೆ.

ಇನ್ನೊಂದು ತಪ್ಪನ್ನು ನಾವೆಲ್ಲ ಸೇರಿ ಮಾಡುತ್ತೇವೆ. ಹೊಗಳುತ್ತೇವೆ. “ಎಷ್ಟು ಶಾಣ್ಯಾ ಹುಡುಗಿ, ತಮ್ಮನಿಗೆ ಎರಡನೇ ತಾಯಿ!” ಸುದ್ದಿ ಬರೆಯುವ ನಮ್ಮಂಥವರಿಗಂತೂ ಇಂಥ ತಲೆಬರಹ ಬಲು ಪ್ರೀತಿ. ಆದರೆ ದೇವತೆ ಎಂದು ಕರೆಸಿಕೊಂಡ ಮಗು ಆಮೇಲೆ “ನನಗೆ ಸಾಕಾಗಿದೆ” ಎಂದು ಹೇಗೆ ಹೇಳಬೇಕು? ಹೊಗಳಿಕೆ ಅವಳ ಬಾಯಿ ಮುಚ್ಚಿಸುತ್ತದೆ. ಗಂಡುಮಕ್ಕಳದು ಇನ್ನೊಂದು ಕತೆ. ಅಣ್ಣನನ್ನು ಯಾರೋ ‘ಕುಂಟ’, ‘ಹುಚ್ಚ’ ಎಂದರೆ ತಮ್ಮ ಕೈ ಎತ್ತುತ್ತಾನೆ. ಶಾಲೆಯಲ್ಲಿ ಏಟು ತಿನ್ನುವವನು ಅವನೇ, ‘ಪುಂಡ’ ಅನ್ನಿಸಿಕೊಳ್ಳುವವನೂ ಅವನೇ. ಯಾಕೆ ಹೊಡೆದೆ ಎಂದು ಕೂರಿಸಿ ಕೇಳುವವರು ಕಡಿಮೆ.

ಹಾಗಾದರೆ ಏನು ಮಾಡಬೇಕು? ದೊಡ್ಡ ಯೋಜನೆ ಬರುವವರೆಗೆ ಕಾಯಬೇಕಿಲ್ಲ. ಮನೆಯಿಂದ ಶುರು ಮಾಡಬಹುದು.

ಮೊದಲು, ನಿಜ ಹೇಳಿ. ಅವರ ವಯಸ್ಸಿಗೆ ತಿಳಿಯುವ ಮಾತಿನಲ್ಲಿ ಹೇಳಿ. ಸೆರೆಬ್ರಲ್ ಪಾಲ್ಸಿ ಎಂದರೆ ಮಗು ಹೊಟ್ಟೆಯಲ್ಲಿದ್ದಾಗ, ಹೆರಿಗೆಯ ವೇಳೆ ಅಥವಾ ಹುಟ್ಟಿದ ಸ್ವಲ್ಪ ದಿನದಲ್ಲಿ ಮೆದುಳಿಗೆ ಆದ ತೊಂದರೆ. ಅದು ಅಂಟುವುದಿಲ್ಲ. ಆರೋಗ್ಯವಾಗಿ ಬೆಳೆದ ಅಕ್ಕನಿಗೆ ಅದು ನಾಳೆ ಬರುವುದಿಲ್ಲ. ಅದು ಯಾರ ಪಾಪವೂ ಅಲ್ಲ, ಶಾಪವೂ ಅಲ್ಲ, ಅವಳು ತಮ್ಮನ ಮೇಲೆ ಒಮ್ಮೆ ಸಿಟ್ಟಾಗಿದ್ದಕ್ಕೆ ಬಂದದ್ದೂ ಅಲ್ಲ. ಮಕ್ಕಳು ಹೀಗೂ ಯೋಚಿಸುತ್ತಾರೆ, ಹೇಳುವುದಿಲ್ಲ ಅಷ್ಟೆ. ಕೆಲವು ಕಾಯಿಲೆಗಳು ವಂಶದಲ್ಲಿ ಬರುವುದು ನಿಜ. ಅಂಥ ಅನುಮಾನವಿದ್ದರೆ ಡಾಕ್ಟರನ್ನು ಕೇಳಿ, ಓಣಿಯ ಕಟ್ಟೆಯನ್ನಲ್ಲ. ಆಸ್ಪತ್ರೆಗೆ ಹೋಗುವಾಗ ಒಮ್ಮೆ ಅವಳನ್ನೂ ಕರೆದುಕೊಂಡು ಹೋಗಿ. ಅವಳ ಪ್ರಶ್ನೆಯನ್ನು ಅವಳೇ ಕೇಳಲಿ.

ಎರಡು, ದಿನಕ್ಕೆ ಕಾಲು ಗಂಟೆ ಅವಳಿಗೇ ಕೊಡಿ. ಕೂಲಿ ಮಾಡಿ ದಣಿದು ಬಂದ ತಾಯಿಗೆ ಇದೂ ಕಷ್ಟ ಎಂಬುದು ನಮಗೆ ಗೊತ್ತು. ತಲೆ ಬಾಚುವಾಗ, ರೊಟ್ಟಿ ಬಡಿಯುವಾಗ ಆದರೂ ಸಾಕು. ಆ ಹೊತ್ತಿನಲ್ಲಿ ತಮ್ಮನ ಮಾತು ಬೇಡ. ಅವಳ ಶಾಲೆ, ಅವಳ ಗೆಳತಿ, ಅವಳ ಜಗಳ ಅಷ್ಟೇ. ಅಪ್ಪಂದಿರಿಗೂ ಈ ಮಾತು ಸೇರುತ್ತದೆ. ಅಪ್ಪ ಮಗನನ್ನು ಅರ್ಧ ಗಂಟೆ ಎತ್ತಿಕೊಂಡರೆ ಅಕ್ಕ ಅರ್ಧ ಗಂಟೆ ಕುಂಟೆಬಿಲ್ಲೆ ಆಡಬಹುದು.

ಮೂರು, ಸಿಟ್ಟಾಗಲು ಬಿಡಿ. “ನಿನಗಾದರೂ ಕೈಕಾಲು ನೆಟ್ಟಗಿವೆಯಲ್ಲ” ಎಂಬ ಒಂದು ಮಾತು ಮಗುವಿನ ಎಲ್ಲ ದುಃಖವನ್ನೂ ತಪ್ಪು ಮಾಡಿಬಿಡುತ್ತದೆ. ತಮ್ಮನ ಮೇಲೆ ಪ್ರೀತಿ ಇದ್ದೂ ಬೇಸರ ಬರಬಹುದು. ಎರಡೂ ನಿಜ.

ನಾಲ್ಕು, ಜೀವಮಾನದ ಆಣೆ ಹಾಕಿಸಿಕೊಳ್ಳಬೇಡಿ. “ನಾವು ಸತ್ತ ಮೇಲೆ ನೀನೇ ಇವನಿಗೆ ದಿಕ್ಕು” ಎಂದು ಹತ್ತು ವರ್ಷದ ಮಗುವಿಗೆ ಹೇಳುತ್ತೇವೆ. ಈ ಚಿಂತೆ ದೊಡ್ಡವರದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರಿಗಾಗಿಯೇ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಇದೆ. 18 ವರ್ಷ ತುಂಬಿದ ಮೇಲೆ ಕಾನೂನುಬದ್ಧ ಪೋಷಕರನ್ನು ನೇಮಿಸಲು ಅದರಲ್ಲಿ ದಾರಿ ಇದೆ. ಇದೇ ನಾಲ್ಕು ವಿಧದವರಿಗೆ ‘ನಿರಾಮಯ’ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಸಿಗುತ್ತದೆ. ಕಾಗದಪತ್ರದ ಕೆಲಸವನ್ನು ತಂದೆತಾಯಿ ಈಗಲೇ ಶುರು ಮಾಡಬೇಕು. ಮುಂದೆ ಅಕ್ಕ ತಾನಾಗಿ ತಮ್ಮನನ್ನು ನೋಡಿಕೊಂಡರೆ ಅದು ಅವಳ ಪ್ರೀತಿ. ಬೇರೆ ದಾರಿಯೇ ಇಲ್ಲದೆ ನೋಡಿಕೊಂಡರೆ ಅದು ಶಿಕ್ಷೆ.

ಇಷ್ಟು ಮನೆಯ ಮಾತು. ಆದರೆ ಎಲ್ಲವನ್ನೂ ತಾಯಿಯ ತಲೆಗೆ ಕಟ್ಟಿ ನಾವು ಕೈತೊಳೆದುಕೊಂಡರೆ ಅದು ಅನ್ಯಾಯ. ಆ ತಾಯಿ ಕೂಲಿ ಬಿಟ್ಟರೆ ಒಲೆ ಹೊತ್ತುವುದಿಲ್ಲ. ಮಗಳನ್ನು ಶಾಲೆ ಬಿಡಿಸಬೇಕೆಂದು ಅವಳಿಗೂ ಆಸೆಯಿಲ್ಲ.

ನಮಗೆ ಈಗ ಅರ್ಥವಾದ ಒಂದು ಮಾತಿದೆ: ತಮ್ಮನಿಗೆ ಸಿಗಬೇಕಾದ ಯಾವ ಸೌಲಭ್ಯ ಸಿಗುವುದಿಲ್ಲವೋ ಅದರ ಬೆಲೆಯನ್ನು ಅಕ್ಕ ಕಟ್ಟುತ್ತಾಳೆ. ಶಾಲೆಗೆ ಇಳಿಜಾರು ದಾರಿ ಇಲ್ಲದಿದ್ದರೆ ಅವಳ ಸೊಂಟವೇ ದಾರಿ. ಅವನಿಗೆ ಶಾಲೆ ಇಲ್ಲದಿದ್ದರೆ ಅವಳಿಗೂ ಶಾಲೆ ಇಲ್ಲ. ಆದ್ದರಿಂದ ಅವನ ಹಕ್ಕು ಕೇಳುವುದೂ ಅವಳ ಹಕ್ಕು ಕೇಳುವುದೂ ಬೇರೆ ಬೇರೆ ಅಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನು ಗುರುತಿಸುತ್ತದೆ. ಶೇ 40 ಅಥವಾ ಹೆಚ್ಚು ಅಂಗವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಡುತ್ತದೆ. ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತೂ ಆ ಕಾಯ್ದೆಯಲ್ಲಿದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಗೆ ಬರಲಾಗದ ಮಗುವಿಗೆ ಗೃಹಾಧಾರಿತ ಶಿಕ್ಷಣವಿದೆ, ಬರುವ ಮಗುವಿಗೆ ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆ ಇವೆ. ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಕೇಳಿ. ದಾರಿ ಗೊತ್ತಾಗದಿದ್ದರೆ ನಿಮ್ಮ ಪಂಚಾಯಿತಿಯ ವಿ.ಆರ್.ಡಬ್ಲ್ಯು., ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ಅವರಿಗೆ ನಮ್ಮದೊಂದು ವಿನಂತಿ: ಮನೆಗೆ ಭೇಟಿ ಕೊಟ್ಟಾಗ ಈ ಮಗುವಿನ ಅಕ್ಕ, ತಮ್ಮಂದಿರು ಇವತ್ತು ಶಾಲೆಗೆ ಹೋಗಿದ್ದಾರಾ ಎಂದು ಒಂದು ಮಾತು ಕೇಳಿ, ಬರೆದುಕೊಳ್ಳಿ.

ಶಿಕ್ಷಕರೇ, ಸುಗ್ಗಿ ಬಂದಾಗಲೆಲ್ಲ ಒಂದೇ ಹುಡುಗಿ ಗೈರಾದರೆ ಅದು ಸೋಮಾರಿತನವಲ್ಲ. ಹೋಂವರ್ಕ್ ಯಾಕೆ ಮಾಡಿಲ್ಲ ಎಂದು ಎಲ್ಲರೆದುರು ನಿಲ್ಲಿಸುವ ಮೊದಲು ಮನೆಯಲ್ಲಿ ಯಾರಿದ್ದಾರೆ ಎಂದು ಪಕ್ಕಕ್ಕೆ ಕರೆದು ಕೇಳಿ.

ಪಂಚಾಯಿತಿಗಳಿಗೂ ಕೆಲಸವಿದೆ. ಕೂಲಿಗೆ ಹೋಗುವ ತಾಯಂದಿರ 3 ವರ್ಷದೊಳಗಿನ ಮಕ್ಕಳಿಗಾಗಿ ‘ಕೂಸಿನ ಮನೆ’ಗಳು ಬಂದಿವೆ. ಒಳ್ಳೆಯ ಕೆಲಸ. ಆದರೆ ಹತ್ತು ವರ್ಷವಾದರೂ ಕೂಸಿನ ಆರೈಕೆಯೇ ಬೇಕಾದ ಮಗುವಿಗೆ ಹಗಲು ಹೊತ್ತಿನ ಮನೆ ಎಲ್ಲಿದೆ? ದಕ್ಷಿಣ ಕನ್ನಡದ ಕೊಕ್ಕಡ, ಕೊಯಿಲದಲ್ಲಿ ಎಂಡೋಸಲ್ಫಾನ್ ಪೀಡಿತರಿಗಾಗಿ ಹಗಲು ಪಾಲನಾ ಕೇಂದ್ರಗಳನ್ನು ತೆರೆದರು. ಅಲ್ಲಿ ಆದದ್ದು ಬೇರೆ ಕಡೆ ಹೋಬಳಿಗೆ ಒಂದಾದರೂ ಯಾಕಾಗಬಾರದು? ಪಂಚಾಯಿತಿಯ ಸ್ವಂತ ಆದಾಯದಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗೆ ಎತ್ತಿಡಬೇಕು. ಅದು ಏನಾಗುತ್ತಿದೆ ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳಿ. ಮಕ್ಕಳ ಗ್ರಾಮಸಭೆಯಲ್ಲಿ ಈ ಮಕ್ಕಳಿಗೂ ಮೈಕ್ ಕೊಡಿ.

ಅಲ್ಲಿಯವರೆಗೆ ಅಕ್ಕಪಕ್ಕದವರು ಇದ್ದೇವಲ್ಲ. ಸ್ವಸಹಾಯ ಸಂಘದ ಹತ್ತು ಹೆಂಗಸರು ಸರದಿ ಹಾಕಿಕೊಂಡರೆ ಒಬ್ಬೊಬ್ಬರ ಪಾಲಿಗೆ ಹತ್ತು ದಿನಕ್ಕೊಮ್ಮೆ ಒಂದೆರಡು ಗಂಟೆ ಬರುತ್ತದೆ. ಆ ಹುಡುಗಿ ಪರೀಕ್ಷೆಗೆ ಓದಲು ಅಷ್ಟು ಸಾಕು. ಮಗು ತುಂಬಾ ಮಂಕಾಗಿದ್ದರೆ, ನಿದ್ದೆ ಊಟ ಬಿಟ್ಟಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳೇ ಸಹಾಯ ಕೇಳಬೇಕಾದರೆ 1098 ಇದೆ.

ಕೊಟ್ಟಿಗೆಯ ಹತ್ತಿರ ಕೇಳಿದ ಆ ಪ್ರಶ್ನೆಗೆ ನಮ್ಮ ಗೆಳತಿ ಅಲ್ಲೇ ಕೂತು ಉತ್ತರ ಹೇಳಿದಳು. ಹುಡುಗಿ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಬಸ್ಸಿಗೆ ಹೊತ್ತಾಗಿತ್ತು. ಈ ಸಲ ಅಕ್ಕ ತಮ್ಮ ಇಬ್ಬರನ್ನೂ ಕೂರಿಸಿ ಒಂದು ಫೋಟೊ ತೆಗೆದೆವು. ಕ್ಯಾಮೆರಾ ಚೀಲಕ್ಕೆ ಹಾಕುವಾಗ ಅವಳು ಹಿಂದೆ ಬಂದು ನಿಂತಳು.

“ನಂದೊಂದ ತಗೀರಿ. ಒಬ್ಬಾಕಿದ.”

ಬಾಗಿಲಿಗೆ ಒರಗಿ, ಎರಡೂ ಕೈ ಖಾಲಿ ಬಿಟ್ಟು ನಿಂತಳು. ಆ ಫೋಟೊ ಇಲ್ಲಿ ಹಾಕುವುದಿಲ್ಲ. ಅವಳ ಅಪ್ಪನ ಫೋನಿಗೆ ಕಳಿಸಿದ್ದೇವೆ. ಅದು ಅವಳದು.